ಸಹಿ ಹಾಕದವರ ಜೊತೆಗಿನ ಯುದ್ಧ: ಶ್ರೀಲಂಕಾದಲ್ಲಿ ಭಾರತದ 32 ತಿಂಗಳು

1987ರ ಜೂನ್ 4ರಂದು ಬೆಂಗಳೂರಿನಿಂದ ಹೊರಟ ಐದು ಎಎನ್-32 ವಿಮಾನಗಳು, ಮಿರಾಜ್ ಯುದ್ಧವಿಮಾನಗಳ ಕಾವಲಿನಲ್ಲಿ ಉತ್ತರ ಶ್ರೀಲಂಕಾದ ಜಾಫ್ನಾದ ಮೇಲೆ ಹಾರಿ, ಸುಮಾರು 25 ಟನ್ ಪರಿಹಾರ ಸಾಮಗ್ರಿಯನ್ನು ಪ್ಯಾರಾಚೂಟ್ ಕಟ್ಟಿ ಕೆಳಗಿಳಿಸಿ ಮರಳಿದವು. ಹಿಂದಿನ ದಿನವಷ್ಟೇ ಸಮುದ್ರದ ಮೂಲಕ ಕಳಿಸಿದ್ದ ನೆರವಿನ ದೋಣಿಗಳನ್ನು ಶ್ರೀಲಂಕಾದ ನೌಕಾಪಡೆ ತಡೆದಿತ್ತು. ಕೊಲಂಬೊಗೆ ಇದು ಗಡಿ ಉಲ್ಲಂಘನೆ, ಶ್ರೀಲಂಕಾ ಸೇನೆಯ ಮುತ್ತಿಗೆಯಲ್ಲಿದ್ದ ಜಾಫ್ನಾದ ತಮಿಳರಿಗೆ ಆಸರೆ. ಎಂಟು ವಾರಗಳೊಳಗೆ, ಜುಲೈ 29ರಂದು, ರಾಜೀವ್ ಗಾಂಧಿ ಮತ್ತು ಅಧ್ಯಕ್ಷ ಜೆ.ಆರ್. ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ತಮಿಳು ಉಗ್ರಗಾಮಿಗಳು ಆಯುಧ ಒಪ್ಪಿಸಬೇಕು, ಪ್ರಾಂತ್ಯಗಳಿಗೆ ಅಧಿಕಾರ ಸಿಗಬೇಕು ಎಂಬ ಈ ಒಪ್ಪಂದದ ಜಾರಿಗಾಗಿ ಭಾರತೀಯ ಸೇನೆ ಶ್ರೀಲಂಕಾಕ್ಕೆ ಹೋಯಿತು. ಮರುದಿನ ಗೌರವರಕ್ಷೆಯ ಸಾಲಿನಲ್ಲಿದ್ದ ನೌಕಾಪಡೆಯ ಸಿಪಾಯಿಯೊಬ್ಬ ಬಂದೂಕಿನ ಹಿಂಬದಿಯಿಂದ ರಾಜೀವ್ ಅವರ ಮೇಲೆ ಬೀಸಿದ. ಸಿಂಹಳೀಯರಲ್ಲಿ ಹಲವರು ಒಪ್ಪಂದವನ್ನು ಹೇಗೆ ಕಂಡರು ಎಂಬುದಕ್ಕೆ ಆ ಒಂದು ಏಟೇ ಸಾಕ್ಷಿ.

ಒಪ್ಪಂದದ ನಿಜವಾದ ದೋಷ ಬೇರೆಡೆ ಇತ್ತು. ಸಹಿ ಹಾಕಿದ್ದು ಎರಡು ಸರ್ಕಾರಗಳು. ಆಯುಧ ಒಪ್ಪಿಸಬೇಕಾಗಿದ್ದದ್ದು ಸಹಿ ಹಾಕದ ಮೂರನೆಯವರು, ಅಂದರೆ ತಮಿಳು ಉಗ್ರಗಾಮಿ ಸಂಘಟನೆಗಳು. 1983ರ ತಮಿಳು ವಿರೋಧಿ ಹಿಂಸಾಚಾರದ ನಂತರ ಇದೇ ಸಂಘಟನೆಗಳಿಗೆ ನಮ್ಮ ನೆಲದಲ್ಲಿ ತರಬೇತಿ ಸಿಕ್ಕಿತ್ತು. ತಾನೇ ಸಾಕಿದ್ದು ತನ್ನ ಮಾತು ಕೇಳದೆ ಎಲ್ಲಿಗೆ ಹೋದೀತು ಎಂಬ ದೆಹಲಿಯ ಭರವಸೆ, ಪ್ರತ್ಯೇಕ ತಮಿಳು ರಾಷ್ಟ್ರಕ್ಕಾಗಿ ಹೋರಾಡುತ್ತಿದ್ದ ಪ್ರಬಲ ಸಂಘಟನೆಯಾದ ಎಲ್‌ಟಿಟಿಇಯ ವಿಷಯದಲ್ಲಿ ಎರಡೇ ತಿಂಗಳಲ್ಲಿ ಸುಳ್ಳಾಯಿತು. ಅಕ್ಟೋಬರ್ ಮೊದಲ ವಾರ ಶ್ರೀಲಂಕಾದ ವಶದಲ್ಲಿದ್ದ ಎಲ್‌ಟಿಟಿಇ ಸದಸ್ಯರು ಸಯನೈಡ್ ನುಂಗಿ ಸತ್ತ ಮೇಲೆ ಕದನವಿರಾಮ ಮುರಿದುಬಿತ್ತು.

ಅಕ್ಟೋಬರ್ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಆವರಣದಲ್ಲಿ ಹೆಲಿಕಾಪ್ಟರ್‌ಗಳಿಂದ ಸೈನಿಕರನ್ನು ಇಳಿಸಿ, ಎಲ್‌ಟಿಟಿಇ ಮುಖ್ಯಸ್ಥ ಪ್ರಭಾಕರನ್ ಸಹಿತ ನಾಯಕರನ್ನು ಹಿಡಿಯುವ ಯೋಜನೆ ಸಿದ್ಧವಾಯಿತು. ಎದುರಾಳಿಗಳು ಕಾದೇ ಕುಳಿತಿದ್ದರು. ಗುಂಡಿನ ಮಳೆಯಲ್ಲಿ ಹೆಲಿಕಾಪ್ಟರ್‌ಗಳು ಹಾನಿಗೊಂಡು ಎರಡನೆಯ ತಂಡ ಇಳಿಯಲಾಗದೆ ಹೋದಾಗ, ಮೊದಲೇ ಇಳಿದಿದ್ದ ಸಿಖ್ ಲೈಟ್ ಇನ್‌ಫ್ಯಾಂಟ್ರಿಯ 30 ಮಂದಿ ಒಂಟಿಯಾದರು. ಬದುಕಿ ಸೆರೆಸಿಕ್ಕವನು ಒಬ್ಬನೇ. ಇನ್ನೊಂದು ಬದಿಯ ಲೆಕ್ಕವನ್ನೂ ಮರೆಮಾಚುವಂತಿಲ್ಲ: ಅದೇ ತಿಂಗಳ 21ರಂದು ಜಾಫ್ನಾದ ಆಸ್ಪತ್ರೆಗೆ ನುಗ್ಗಿದ ಭಾರತೀಯ ಪಡೆಯ ಗುಂಡಿಗೆ ರೋಗಿಗಳು, ವೈದ್ಯರು, ದಾದಿಯರು ಬಲಿಯಾದರು. ಕಾಪಾಡಲು ಬಂದವರೆಂದು ಹಾರ ಹಾಕಿ ಸ್ವಾಗತಿಸಿದ್ದ ಜನ ದೂರವಾದದ್ದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಿಲ್ಲ.

ಮುಂದೆ ಅಧ್ಯಕ್ಷರಾದ ಪ್ರೇಮದಾಸ ಭಾರತೀಯ ಸೇನೆ ತೊಲಗಬೇಕೆಂದು ಪಟ್ಟು ಹಿಡಿದರು. ಅಷ್ಟಕ್ಕೇ ನಿಲ್ಲದೆ ಅದರೊಡನೆ ಕಾದುತ್ತಿದ್ದ ಎಲ್‌ಟಿಟಿಇಗೆ ಆಯುಧವನ್ನೂ ಕೊಡಿಸಿದರು. 1990ರ ಮಾರ್ಚ್ 24ರಂದು ಕೊನೆಯ ತುಕಡಿ ಟ್ರಿಂಕೋಮಲಿಯಿಂದ ಹಡಗು ಹತ್ತಿತು. ಸುಮಾರು 1,200 ಸೈನಿಕರನ್ನು ಕಳೆದುಕೊಂಡು ಮರಳಿದ ಪಡೆಯನ್ನು ಮದರಾಸಿನಲ್ಲಿ ಬರಮಾಡಿಕೊಳ್ಳಲು ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ತಮಿಳರನ್ನು ಕೊಂದ ಸೇನೆಯನ್ನು ತಾನು ಸ್ವಾಗತಿಸಲಾರೆ ಎಂಬುದು ಅವರ ನಿಲುವಾಗಿತ್ತು. ಮರುವರ್ಷ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ಎಲ್‌ಟಿಟಿಇಯ ಕೈಯಲ್ಲಿ ರಾಜೀವ್ ಹತರಾದರು. ಹತ್ಯೆಯ ಸೂತ್ರಧಾರ ಶಿವರಾಸನ್ ಅಡಗಿದ್ದು ಬೆಂಗಳೂರಿನ ಅಂಚಿನ ಕೋಣನಕುಂಟೆಯ ಮನೆಯೊಂದರಲ್ಲಿ. ಆಗಸ್ಟ್ 20ರ ಬೆಳಗ್ಗೆ ಕಮಾಂಡೊಗಳು ಒಳನುಗ್ಗಿದಾಗ ಸಿಕ್ಕಿದ್ದು ಏಳು ಶವಗಳು. ವಿಮಾನಗಳು ಹೊರಟ ಊರಿಗೇ ಆ ಯುದ್ಧ ನಾಲ್ಕು ವರ್ಷ ಸುತ್ತಿ ಬಂದು ಮುಟ್ಟಿತ್ತು.

ದೆಹಲಿ ಇದರಿಂದ ಕಲಿತದ್ದು ಒಂದೇ ಪಾಠವೆಂದು ತೋರುತ್ತದೆ: ವಿಶ್ವಸಂಸ್ಥೆಯ ಬಾವುಟವಿಲ್ಲದೆ ಪರದೇಶದ ಜಗಳಕ್ಕೆ ಸೈನ್ಯ ಕಳಿಸಬಾರದು. 2003ರಲ್ಲಿ ಇರಾಕ್‌ಗೆ ಸೈನಿಕರನ್ನು ಕಳಿಸಿ ಎಂದು ಅಮೆರಿಕ ಕೇಳಿದಾಗ ಒಲ್ಲೆವೆಂದದ್ದರ ಹಿಂದೆ ಜಾಫ್ನಾದ ನೆನಪು ಇರಲಿಲ್ಲವೆನ್ನಲಾಗದು. ಆದರೆ ಸೈನ್ಯ ಹೋದದ್ದು ಯಾವುದರ ಜಾರಿಗಾಗಿಯೋ ಆ ಒಪ್ಪಂದದ ಬಾಕಿ ಹಾಗೇ ಉಳಿದಿದೆ. ಅದರ ಫಲವಾದ 13ನೇ ಸಂವಿಧಾನ ತಿದ್ದುಪಡಿ ಪ್ರಾಂತೀಯ ಮಂಡಳಿಗಳನ್ನು ಸೃಷ್ಟಿಸಿತು. ಭೂಮಿ ಮತ್ತು ಪೊಲೀಸ್ ಅಧಿಕಾರ ಮಾತ್ರ ಕಾಗದದಿಂದ ಕೆಳಗಿಳಿಯಲಿಲ್ಲ. ಜಾಫ್ನಾ ಸೇರಿದ ಉತ್ತರ ಪ್ರಾಂತ್ಯದ ಮಂಡಳಿಗೆ ಮೊದಲ ಚುನಾವಣೆ ನಡೆಯಲು 2013 ಬರಬೇಕಾಯಿತು. 2018ರಲ್ಲಿ ಅದರ ಅವಧಿ ಮುಗಿದಾಗ ಹೊಸ ಚುನಾವಣೆ ನಡೆಯದೆ, ಆಡಳಿತ ಕೊಲಂಬೊ ನೇಮಿಸಿದ ರಾಜ್ಯಪಾಲರ ಕೈಗೆ ಹೋಯಿತು.