ನೆರೆಯೂ ಬಂತು, ಜ್ವರವೂ ಬಂತು: ವಿಪತ್ತಿನ ಕಥೆ ಓದುವವರಿಗೆ ಒಂದಿಷ್ಟು ಟಿಪ್ಪಣಿ

ವಿಪತ್ತು, ಸಾಂಕ್ರಾಮಿಕ ರೋಗ, ಅದರ ನಡುವೆ ಒಂದು ಕುಟುಂಬ. ಇಂಥ ಕಥೆಯ ಬಗ್ಗೆ ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ನಮ್ಮಲ್ಲಿ ಹೆಚ್ಚಿನವರು ಬರೆಯುವ ಉತ್ತರ ಒಂದೇ: ಕಷ್ಟ ಬಂತು, ಎಲ್ಲರೂ ಒಟ್ಟಾಗಿ ಎದುರಿಸಿದರು. ಅರ್ಧ ಅಂಕವೂ ಸಿಗಲ್ಲ. ಒಟ್ಟಾಗುವುದೇ ಇಲ್ಲಿ ಸಮಸ್ಯೆ ಅಲ್ವಾ?

ನೆರೆ ಬಂದರೆ ಮನೆ ಬಿಡಬೇಕು, ನಾಲ್ಕು ಜನ ಇರುವಲ್ಲಿಗೆ ಹೋಗಬೇಕು. ಕೊರೋನಾ ಬಂದರೆ ಮನೆ ಬಿಡುವಂತಿಲ್ಲ, ನಾಲ್ಕು ಜನರ ಹತ್ತಿರ ಹೋಗುವಂತಿಲ್ಲ. ಎರಡೂ ಒಟ್ಟಿಗೆ ಬಂದರೆ ಒಂದರಿಂದ ತಪ್ಪಿಸಿಕೊಳ್ಳುವ ದಾರಿಯೇ ಇನ್ನೊಂದಕ್ಕೆ ಬಾಗಿಲು. ಇಂಥ ಕಥೆ ಕೈಗೆ ಬಂದಾಗ ಮೊದಲು ಹುಡುಕಬೇಕಾದ್ದು ಈ ಇಕ್ಕಟ್ಟನ್ನು. ಅದು ಇಲ್ಲದಿದ್ದರೆ ಸುಮ್ನೆ ಎರಡು ಕಷ್ಟಗಳನ್ನು ಒಂದರ ಪಕ್ಕ ಒಂದು ಇಟ್ಟ ಹಾಗೆ.

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಉತ್ತರ ಕನ್ನಡ ಜಿಲ್ಲೆಯ 2021 ಸಾಕು. ಮೇ 10ರಿಂದ ರಾಜ್ಯದಲ್ಲಿ ಬಿಗಿ ಲಾಕ್‌ಡೌನ್. ಅದೇ ವಾರ ತೌಕ್ತೆ ಚಂಡಮಾರುತ ಕರಾವಳಿಗೆ ಹೊಡೆಯಿತು. ಜುಲೈನಲ್ಲಿ ಎಲ್ಲ ಸಡಿಲವಾಯಿತು ಅಂದುಕೊಳ್ಳುವಾಗ, 22 ಮತ್ತು 23ರ ಮಳೆಗೆ ಕಾಳಿ, ಗಂಗಾವಳಿ ಎರಡೂ ಉಕ್ಕಿದವು, ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು, ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆ ಎಲ್ಲ ಹೋಯಿತು. ಮಾಸ್ಕ್ ಹಾಕಿಕೊಂಡೇ ಜನ ಕಾಳಜಿ ಕೇಂದ್ರಕ್ಕೆ, ಅಂದರೆ ನೆರೆ ಸಂತ್ರಸ್ತರ ಶಿಬಿರಕ್ಕೆ, ಬಂದ ವರ್ಷ ಅದು.

ಈಗ ಒಂದು ಕಲ್ಪನೆಯ ಕುಟುಂಬ ಇಟ್ಟುಕೊಳ್ಳೋಣ. ಕದ್ರಾ ಅಣೆಕಟ್ಟೆಯ ಕೆಳಗೆ, ಕಾಳಿ ಹೊಳೆಯ ದಂಡೆಯಲ್ಲಿ ಮನೆ. ಅಜ್ಜಿ, ಅಪ್ಪ, ಅಮ್ಮ, ಗೋವಾದಲ್ಲಿ ಹೋಟೆಲ್ ಕೆಲಸ ಬಿಟ್ಟು ಬಂದ ಮಗ. ಮಗನಿಗೆ ಮೂರು ದಿನದಿಂದ ಜ್ವರ. ಟೆಸ್ಟ್ ಮಾಡಿಸಿಲ್ಲ, ಮನೆ ಸೀಲ್‌ಡೌನ್ ಆದರೆ ಊರಲ್ಲಿ ಮುಖ ಎತ್ತುವುದು ಹೇಗೆ ಅಂತ. ಕಾಳಿಗೆ ಸೂಪಾದಿಂದ ಶುರುವಾಗಿ ಸಾಲಾಗಿ ಕಟ್ಟೆಗಳಿವೆ, ಕದ್ರಾ ಕೊನೆಯದು. ಮೇಲಿನ ನೀರೆಲ್ಲ ಇಲ್ಲಿಗೇ ಬರಬೇಕು. ಗೇಟ್ ತೆಗೆಯುತ್ತಾರೆ ಅಂತ ಮೈಕ್‌ನಲ್ಲಿ ಕೂಗಿಕೊಂಡು ಹೋದರು. ಸಂಜೆಯೊಳಗೆ ಅಂಗಳಕ್ಕೆ ನೀರು ಬಂತು. ಅಪ್ಪ ಅಕ್ಕಿ ಚೀಲ, ಗ್ಯಾಸ್ ಸಿಲಿಂಡರ್, ರೇಷನ್ ಕಾರ್ಡ್ ಇದ್ದ ಪ್ಲಾಸ್ಟಿಕ್ ಕವರ್ ಅಟ್ಟಕ್ಕೆ ಹಾಕುತ್ತಿರುವಾಗ ದೋಣಿ ಬಂತು.

ದೋಣಿಯವನು ಕೇಳುತ್ತಾನೆ, "ಇವನಿಗೇನು, ಜ್ವರವಾ?"

ಅಮ್ಮ ಹೇಳುತ್ತಾಳೆ, "ಇಲ್ಲಪ್ಪ, ಮಳೆಯಲ್ಲಿ ನೆಂದಿದ್ದಾನೆ. ಶೀತ ಅಷ್ಟೇ."

ಅಜ್ಜಿ ಏನೂ ಮಾತಾಡುವುದಿಲ್ಲ. ಸೆರಗನ್ನು ಮೂಗಿಗೆ ಒತ್ತಿಕೊಂಡು ದೋಣಿಯ ಇನ್ನೊಂದು ತುದಿಗೆ ಹೋಗಿ ಕೂರುತ್ತಾಳೆ. ಮೊಮ್ಮಗನ ಪಕ್ಕ ಅಪ್ಪ ಕೂರುತ್ತಾನೆ.

ಇಷ್ಟು ಸಾಕು, ಇಲ್ಲಿ ನಿಲ್ಲಿಸಿ ಗಮನಿಸಿ. ಅಜ್ಜಿಗೆ ಗೊತ್ತಿದೆ, ಅಮ್ಮನಿಗೂ ಗೊತ್ತಿದೆ, ದೋಣಿಯವನಿಗೆ ಮಾತ್ರ ಹೇಳಿಲ್ಲ. ಪ್ರಾಣ ಉಳಿಸಲು ಬಂದವನಿಗೇ ಸುಳ್ಳು ಹೇಳಬೇಕಾಯಿತು. ನಿಜ ಹೇಳಿದ್ದರೆ ಹತ್ತಿಸಿಕೊಳ್ಳುತ್ತಿದ್ದನೋ ಇಲ್ಲವೋ, ಅದು ಅಮ್ಮನಿಗೂ ಗೊತ್ತಿಲ್ಲ, ಓದುವ ನಮಗೂ ಗೊತ್ತಿಲ್ಲ. ಯಾರು ಯಾರ ಪಕ್ಕ ಕೂತರು ಅನ್ನುವುದರಲ್ಲೇ ಆ ಮನೆಯ ಸಂಬಂಧಗಳೆಲ್ಲ ಕಾಣುತ್ತವೆ. ಉತ್ತರ ಬರೆಯುವಾಗ "ಕುಟುಂಬದ ಬಾಂಧವ್ಯ" ಅಂತ ದೊಡ್ಡ ಮಾತು ಹಾಕುವ ಬದಲು ಇಂಥ ಒಂದು ಸಾಲು ಎತ್ತಿ ತೋರಿಸಿ.

ಈ ಸುಳ್ಳು ಮುಂದೆ ಏನಾಗುತ್ತದೆ? ಅಪ್ಪನಿಗೆ ಜ್ವರ ಹಿಡಿದು, ಟೆಸ್ಟ್ ಇಲ್ಲದೆಯೇ ಆತ ತೀರಿಕೊಂಡ ಅಂತ ಇಟ್ಟುಕೊಳ್ಳಿ. 2021ರ ಜೂನ್‌ನಲ್ಲಿ ಸರ್ಕಾರ, ಕೊರೋನಾದಿಂದ ದುಡಿಯುವವರನ್ನು ಕಳೆದುಕೊಂಡ ಬಿಪಿಎಲ್ ಕುಟುಂಬಕ್ಕೆ 1 ಲಕ್ಷ ರೂಪಾಯಿ ಪರಿಹಾರ ಘೋಷಿಸಿತ್ತು. ಆದರೆ ಕೊರೋನಾ ಅಂತ ತೋರಿಸಲು ಕಾಗದ ಬೇಕು. ಆ ವರ್ಷ ನೀರು ನುಗ್ಗಿದ ಮನೆಗೆ 10 ಸಾವಿರ ತುರ್ತು ಪರಿಹಾರ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಇತ್ತು. ಬಿದ್ದ ಗೋಡೆಯನ್ನು ಬಂದವರು ಕಣ್ಣಿಂದ ನೋಡಿ ಬರೆದುಕೊಂಡು ಹೋಗುತ್ತಾರೆ, ಸತ್ತ ಅಪ್ಪನ ರೋಗಕ್ಕೆ ಸಾಕ್ಷಿಯಿಲ್ಲ. ಅಮ್ಮ ಅವತ್ತು ಯಾರಿಗೆ ಏನು ಹೇಳಿದಳೋ ಅದೇ ಮಾತು ಈಗ ಕಚೇರಿಯ ಕಿಟಕಿಯ ಮುಂದೆ ಅವಳಿಗೆ ಅಡ್ಡ ನಿಲ್ಲುತ್ತದೆ. ಕಥೆ ಬರೆಯುವವರು ಈ ಗಂಟನ್ನು ಬಿಟ್ಟುಬಿಟ್ಟರೆ ನನಗಂತೂ ಬೇಜಾರಾಗುತ್ತದೆ.

ಇನ್ನೊಂದು ವಿಷಯ, ಸಮಯ. ನೆರೆಯ ಸಮಯ ಗಂಟೆಯ ಲೆಕ್ಕ: ಗೇಟ್ ತೆಗೆದರು, ನೀರು ಮೆಟ್ಟಿಲು ಹತ್ತಿತು, ದೋಣಿ ಬಂತು. ರೋಗದ್ದು ದಿನಗಳ ಲೆಕ್ಕ, ಆಗ ಹದಿನಾಲ್ಕು ದಿನ ಕಾಯಬೇಕಿತ್ತು. ಹಾಗಾಗಿ ಒಂದೇ ಕಥೆಯಲ್ಲಿ ಎರಡು ವೇಗ ಇರಬೇಕು. ನೆರೆಯ ಭಾಗದಲ್ಲಿ ವಾಕ್ಯಗಳು ಓಡುತ್ತವೆಯಾ, ಕಾಳಜಿ ಕೇಂದ್ರದ ಶಾಲೆಯ ಕೋಣೆಯಲ್ಲಿ ಪಕ್ಕದವರ ಕೆಮ್ಮು ಎಣಿಸುತ್ತ ಕೂತಾಗ ನಿಧಾನವಾಗುತ್ತವೆಯಾ, ನೋಡಿ. ಆಗದಿದ್ದರೆ ಅದನ್ನೂ ಕೊರತೆ ಅಂತ ಬರೆಯಬಹುದು.

ಸಮುದ್ರದ ಬದಿಯ ಕಥೆಯಾದರೆ ಲೆಕ್ಕ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಹೇಗೂ ಬಂದ್. 2020ರಲ್ಲಿ ಲಾಕ್‌ಡೌನ್‌ನಿಂದ ಬೇಸಿಗೆಯ ದುಡಿಮೆಯೂ ಹೋಯಿತು, ಹಾಗಾಗಿ ಕೇಂದ್ರ ಆ ವರ್ಷ ನಿಷೇಧವನ್ನು ಜೂನ್ 15ರಿಂದ ಶುರು ಮಾಡಿತು. ಬೋಟಿನ ಮನೆಯ ಕಥೆ ಓದುವಾಗ ತಿಂಗಳು ಯಾವುದು ಅಂತ ಮೊದಲು ನೋಡಿ.

ಹಳೆಯ ಕಾಲದ ಕಥೆ ಬಂದರೆ 1918 ನೆನಪಿರಲಿ. ಆಗ ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಇನ್‌ಫ್ಲುಯೆಂಜಾ ಜೂನ್‌ನಲ್ಲಿ ಮುಂಬೈ ಬಂದರಿಗೆ ಇಳಿಯಿತು, ಸೆಪ್ಟೆಂಬರ್ ಹೊತ್ತಿಗೆ ಇನ್ನೂ ಜೋರಾಯಿತು. ದೇಶದಲ್ಲಿ ಒಂದು ಕೋಟಿಗೂ ಜಾಸ್ತಿ ಜನ ಸತ್ತರು. 1911ರಿಂದ 1921ರ ನಡುವೆ ಭಾರತದ ಜನಸಂಖ್ಯೆಯೇ ಇಳಿಯಿತು, ಜನಗಣತಿಯಲ್ಲಿ ಹಾಗಾದದ್ದು ಆ ದಶಕದಲ್ಲಿ ಮಾತ್ರ. 1918ರಲ್ಲೇ ಮುಂಗಾರೂ ಕೈಕೊಟ್ಟಿತ್ತು, ಕಾಳಿನ ಬೆಲೆ ಏರಿತ್ತು. ವ್ಯತ್ಯಾಸ ಇಲ್ಲೇ ಇದೆ: ನೆರೆ ಮತ್ತು ರೋಗ ಮನುಷ್ಯನನ್ನು ಎರಡು ಕಡೆ ಎಳೆಯುತ್ತವೆ, ಬರ ಮತ್ತು ರೋಗ ಒಂದೇ ಕಡೆ ತಳ್ಳುತ್ತವೆ. ಹೊಟ್ಟೆಗಿಲ್ಲದ ಮೈ ಜ್ವರವನ್ನು ತಡೆಯಲಾರದು. ಅಲ್ಲಿ ಆಯ್ಕೆಯ ಇಕ್ಕಟ್ಟಿಗಿಂತ ಇರುವ ಒಂದು ಹಿಡಿ ಅಕ್ಕಿ ಯಾರಿಗೆ ಅನ್ನುವ ಪ್ರಶ್ನೆ ದೊಡ್ಡದು.

ಹೋಲಿಕೆ ಕೇಳಿದರೆ 'ಸಂಸ್ಕಾರ' ಎಲ್ಲರೂ ಓದಿರುತ್ತೀರಿ, ಯು.ಆರ್. ಅನಂತಮೂರ್ತಿಯವರ 1965ರ ಕಾದಂಬರಿ. ಅಲ್ಲಿ ಇಲಿ ಸಾಯುವುದನ್ನು ನೋಡಿ ಓದುಗರಿಗೆ ಪ್ಲೇಗ್ ಅಂತ ಹೊಳೆಯುತ್ತದೆ, ಅಗ್ರಹಾರದವರು ಇನ್ನೂ ಹೆಣದ ಸಂಸ್ಕಾರದ ಚರ್ಚೆಯಲ್ಲೇ ಇರುತ್ತಾರೆ. ಕೊರೋನಾ ಕಥೆಯಲ್ಲಿ ಇದು ಉಲ್ಟಾ. ರೋಗದ ಹೆಸರು ಟಿವಿಯಲ್ಲಿ ಇಡೀ ದಿನ ಬರುತ್ತಿದೆ, ಮನೆಯವರು ಮಾತ್ರ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ಪುಟದ ಉತ್ತರ ಆರಾಮಾಗಿ ಆಗುತ್ತದೆ.

ಅಭ್ಯಾಸಕ್ಕೆ: ಮೇಲಿನ ದೋಣಿಯ ಪ್ರಸಂಗವನ್ನು ದೋಣಿಯವನ ಕಡೆಯಿಂದ ಹತ್ತು ಸಾಲಿನಲ್ಲಿ ಬರೆದು ನೋಡಿ. ಅವನ ಮನೆಯಲ್ಲೂ ವಯಸ್ಸಾದ ತಾಯಿ ಇದ್ದಾಳೆ ಅಂತ ಇಟ್ಟುಕೊಳ್ಳಿ. ಅವನಿಗೆ ನಿಜವಾಗಿ ಗೊತ್ತಾಗಲಿಲ್ಲವಾ, ಅಥವಾ ಗೊತ್ತಾಗಿಯೂ ಹುಟ್ಟು ಹಾಕಿದನಾ, ಅದನ್ನು ನೀವೇ ತೀರ್ಮಾನಿಸಿ.