ಡೂಬಿಯಾ ಕಾಲೊನಿಗೆ ಏನು ಹಾಕ್ಬೇಕು? ಬೆಕ್ಕಿನ ಫುಡ್ ವಿಷ್ಯ ಇನ್ನೊಂದ್ಸಲ

ಪ್ರಶ್ನೆ: ನಾನು ಸಾಕಿರೋ ಗೆಕ್ಕೊಗೆ (ಒಂದು ಥರದ ಹಲ್ಲಿ) ತಿನ್ನಿಸೋಕೆ ಅಂತ ಮನೇಲಿ ಡೂಬಿಯಾ ಜಿರಳೆ ಸಾಕ್ತಿದೀನಿ. ಅವಕ್ಕೆ ಏನು ತಿನ್ನೋಕೆ ಕೊಡ್ಬೇಕು? ಬೆಕ್ಕಿನ ಫುಡ್ ಹಾಕಿದ್ರೆ ಬೇಗ ಬೇಗ ಮರಿ ಹಾಕ್ತವಂತೆ, ಹೌದಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದೀನಿ ಅಂತ ಲೆಕ್ಕ ಇಟ್ಟಿಲ್ಲ, ಆದ್ರೂ ಬೆಕ್ಕಿನ ಫುಡ್ ಮಾತು ಒಬ್ಬರಿಂದ ಒಬ್ಬರಿಗೆ ದಾಟ್ತಾನೇ ಇದೆ, ಅದಕ್ಕೇ ಈ ಸಲ ಪೂರ್ತಿ ಬಿಡಿಸಿ ಬರೀತೀನಿ.

ಮೊದಲ ಅರ್ಧ ಸುಲಭ. ಒಂದು ಒಣ ಪುಡಿ, ಒಂದಿಷ್ಟು ಹಸಿ ತರಕಾರಿ ಹಣ್ಣು, ಅಷ್ಟೇ. ಓಟ್ಸು, ಗೋಧಿ ಬೂಸಾ, ಜೊತೆಗೆ ಸ್ವಲ್ಪ ಸೋಯಾ ಹಿಟ್ಟು ಸೇರಿಸಿ ಮಿಕ್ಸೀಲಿ ನುಣ್ಣಗೆ ಮಾಡ್ಕೊಳ್ಳಿ, ಒಟ್ಟು ಪ್ರೋಟೀನ್ 20% ಆಸುಪಾಸು ಇದ್ರೆ ಸಾಕು. ಆಗ ತಾನೇ ಹುಟ್ಟಿದ ಮರಿ 3-4 ಮಿಲಿಮೀಟರ್ ಇರತ್ತೆ, ಅದಕ್ಕೆ ದಪ್ಪ ಗುಳಿಗೆ ಕಡಿಯೋದು ಕಷ್ಟ, ಹಾಗಾಗಿ ನುಣ್ಣಗಿರ್ಲಿ. ಹಸೀದಕ್ಕೆ ಕ್ಯಾರೆಟ್, ಕುಂಬಳಕಾಯಿ, ಗೆಣಸು, ಸೇಬು, ಕಿತ್ತಳೆ. ನೀರೂ ಅದರಿಂದಲೇ ಸಿಗತ್ತೆ. ಬಟ್ಟಲಲ್ಲಿ ನೀರಿಟ್ರೆ ಮರಿಗಳು ಮುಳುಗಿ ಸಾಯ್ತವೆ, ಬೇಕೇ ಬೇಕು ಅಂದ್ರೆ ವಾಟರ್ ಜೆಲ್ (ನೀರು ಹೀರಿ ಉಬ್ಬಿರೋ ಮೆತ್ತನೆ ಹರಳು) ಇಡಿ. ತಿನ್ನದೆ ಉಳಿದ ತುಂಡನ್ನ ಮಾರನೇ ದಿನ ತೆಗೆದುಬಿಡಿ, ಬೆಚ್ಚಗಿರೋ ಡಬ್ಬದಲ್ಲಿ ಬೂಷ್ಟು ಹಬ್ಬೋಕೆ ಜಾಸ್ತಿ ಹೊತ್ತು ಬೇಕಿಲ್ಲ. ಔಷಧಿ ಹೊಡೆದ ಸೊಪ್ಪು ತರಕಾರಿ ಬೇಡ್ವೇ ಬೇಡ, ಜಿರಳೆನೂ ಕೀಟ ತಾನೆ, ಹೊಲದಲ್ಲಿ ಹುಳ ಕೊಲ್ಲೋ ಔಷಧಿ ಇದನ್ನೂ ಕೊಲ್ಲತ್ತೆ.

ಈಗ ಬೆಕ್ಕಿನ ಫುಡ್ಡಿಗೆ ಬರೋಣ.

ಜನ ಇದನ್ನ ಯಾಕೆ ನಂಬ್ತಾರೆ ಅಂತ ನಂಗೆ ಅರ್ಥ ಆಗತ್ತೆ. ರಾತ್ರಿ ಒಂದು ಹಿಡಿ ಹಾಕಿ ಮಲಗಿದ್ರೆ ಬೆಳಿಗ್ಗೆ ತಟ್ಟೆ ಖಾಲಿ, ಅಷ್ಟು ಇಷ್ಟಪಟ್ಟು ತಿಂತವೆ ಅಂದ್ಮೇಲೆ ಒಳ್ಳೇದೇ ಇರ್ಬೇಕು ಅನ್ಸತ್ತೆ. ಇನ್ನು ಕೆಲವರು ತಿಂಗಳುಗಟ್ಟಲೆ ಬರೀ ಕ್ಯಾರೆಟ್ ಹಾಕಿರ್ತಾರೆ, ಪ್ರೋಟೀನ್ ಇಲ್ಲದೆ ಸೊರಗಿದ ಕಾಲೊನಿ ಅದು, ಅಲ್ಲಿಗೆ ಬೆಕ್ಕಿನ ಫುಡ್ ಬಿದ್ದ ತಕ್ಷಣ ಚೇತರಿಸ್ಕೊಳ್ಳತ್ತೆ. ಚೇತರಿಸ್ಕೊಂಡಿದ್ದು ಕೊರತೆ ನೀಗಿದ್ದಕ್ಕೆ ಕಣ್ರೀ. ಕೊರತೆ ನೀಗಿದ ಮೇಲೂ ಸುರೀತಾನೇ ಇದ್ರೆ ಮರಿ ಹೆಚ್ಚಾಗ್ತಾ ಹೋಗತ್ತೆ ಅನ್ನೋದು ಮಾತ್ರ ತಪ್ಪು.

ನಾವು ಪ್ರೋಟೀನ್ ಜಾಸ್ತಿ ತಿಂದ್ರೆ ಹೆಚ್ಚಾದ ನೈಟ್ರೋಜನ್ ಯೂರಿಯಾ ಆಗಿ ಮೂತ್ರದಲ್ಲಿ ಹೊರಗೆ ಹೋಗತ್ತೆ. ಜಿರಳೆ ಅದನ್ನ ಬಿಸಾಡಲ್ಲ, ಯೂರಿಕ್ ಆಸಿಡ್ ಮಾಡಿ ಹೊಟ್ಟೆಯೊಳಗಿನ ಕೊಬ್ಬಿನ ಅಂಗಾಂಶದಲ್ಲಿ ಬಿಳಿ ಕಣಗಳಾಗಿ ಕೂಡಿಡತ್ತೆ. ಅದೇ ಅಂಗಾಂಶದ ಜೀವಕೋಶಗಳಲ್ಲಿ ಬ್ಲಾಟಾಬ್ಯಾಕ್ಟೀರಿಯಮ್ ಅಂತ ಒಂದು ಬ್ಯಾಕ್ಟೀರಿಯಾ ವಾಸ ಮಾಡತ್ತೆ, ತಾಯಿಯಿಂದ ಮೊಟ್ಟೆ ಮೂಲಕವೇ ಮರಿಗೆ ಬರೋದು ಅದು. ತಿನ್ನೋಕೆ ಸರಿಯಾಗಿ ಸಿಗದೇ ಇದ್ದಾಗ ಕೂಡಿಟ್ಟಿದ್ದ ಆ ನೈಟ್ರೋಜನ್ನಿಂದ ಈ ಬ್ಯಾಕ್ಟೀರಿಯಾ ಅಮೈನೋ ಆಸಿಡ್ ತಯಾರು ಮಾಡಿ ಜಿರಳೆಗೆ ಕೊಡತ್ತೆ. ಕೆಲವು ಜಾತಿಗಳಲ್ಲಿ ಗಂಡು ಕೂಡೋ ಹೊತ್ತಲ್ಲಿ ತನ್ನ ಯೂರಿಕ್ ಆಸಿಡ್ಡನ್ನ ಹೆಣ್ಣಿಗೆ ದಾಟಿಸತ್ತೆ. ಎಂಥಾ ಏರ್ಪಾಡು ನೋಡಿ! ಇದನ್ನ ಹೇಳೋವಾಗೆಲ್ಲ ನಂಗೆ ಈ ಹುಳದ ಮೇಲೆ ಗೌರವ ಜಾಸ್ತಿ ಆಗತ್ತೆ.

ಬರಗಾಲಕ್ಕೆ ಅಂತಲೇ ತಯಾರಾದ ಇಂಥಾ ದೇಹಕ್ಕೆ ದಿನಾ 30% ಮೇಲೆ ಪ್ರೋಟೀನ್ ಇರೋ ಬೆಕ್ಕಿನ ಫುಡ್ ತುಂಬಿದ್ರೆ ಏನಾಗತ್ತೆ? ಉಗ್ರಾಣ ತುಂಬ್ತಾ ಹೋಗತ್ತೆ, ಖರ್ಚಾಗೋ ದಾರಿ ಇಲ್ಲ. ಜರ್ಮನ್ ಜಿರಳೆಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ವಿಪರೀತ ಪ್ರೋಟೀನ್ ತಿಂದವು ಬೇಗ ಸತ್ತಿವೆ. ಇನ್ನು ಅದನ್ನ ತಿನ್ನೋ ಗೆಕ್ಕೊ ಕಡೆ ನೋಡಿ. ಗೆಕ್ಕೊ ಹಿಕ್ಕೆ ತುದೀಲಿ ಬಿಳಿ ಭಾಗ ಇರತ್ತಲ್ಲ, ಅದು ಯೂರಿಕ್ ಆಸಿಡ್ಡೇ. ಅದರ ಕಿಡ್ನಿ ದಿನಾ ಮಾಡೋ ಕೆಲಸವೇ ಅದನ್ನ ಹೊರಗೆ ಹಾಕೋದು, ಅಂಥಾದ್ದಕ್ಕೆ ಯೂರಿಕ್ ಆಸಿಡ್ ತುಂಬ್ಕೊಂಡಿರೋ ಜಿರಳೆನೇ ತಿನ್ನಿಸಿ ಹೊರೆ ಯಾಕೆ ಹೆಚ್ಚಿಸ್ಬೇಕು? ಯಾವಾಗ್ಲೋ ಒಂದ್ಸಲ ನಾಲ್ಕು ಕಾಳು ಹಾಕಿದ್ರೆ ಏನೂ ಆಗಲ್ಲ, ಗಾಬರಿ ಬೀಳ್ಬೇಡಿ. ನಾನು ಬೇಡ ಅಂತಿರೋದು ಅದನ್ನೇ ದಿನದ ಊಟ ಮಾಡೋದನ್ನ.

ಹಾಗಂತ ಪ್ರೋಟೀನ್ ಪೂರ್ತಿ ನಿಲ್ಲಿಸಿಬಿಡೋರೂ ಇದಾರೆ, ಅದೂ ತಪ್ಪೇ. ಜಿರಳೆ ಅಡಗೋಕೆ ಅಂತ ಡಬ್ಬದಲ್ಲಿಟ್ಟಿರೋ ಕೋಳಿಮೊಟ್ಟೆಯ ರಟ್ಟಿನ ಟ್ರೇ ಎತ್ತಿ ಗಂಡುಗಳ ರೆಕ್ಕೆ ನೋಡಿ, ಅಂಚು ಹರಿದ ಕಾಗದದ ಥರ ಕಚ್ಚಿ ಕಚ್ಚಿ ಹೋಗಿದ್ರೆ ಒಂದನ್ನೊಂದು ತಿಂತಿವೆ ಅಂತ ಅರ್ಥ. ಪ್ರೋಟೀನ್ ಸಾಲ್ತಿಲ್ಲ, ಇಲ್ಲಾ ನೀರು ಸಾಲ್ತಿಲ್ಲ, ಇಲ್ಲಾ ಜಾಗ ಸಾಲ್ತಿಲ್ಲ.

ಮತ್ತೆ ಮರಿ ಯಾಕೆ ಬರ್ತಿಲ್ಲ ಅಂತ ಕೇಳ್ತೀರಾ, ಥರ್ಮಾಮೀಟರ್ ನೋಡಿ ಮೊದ್ಲು. 30 ಡಿಗ್ರಿ ಆಸುಪಾಸು ಬೇಕು, 20ರ ಹತ್ರ ಇದ್ರೆ ಬದುಕಿರ್ತವೆ ಆದ್ರೆ ಮರಿ ಬರೋದು ಹೆಚ್ಚುಕಮ್ಮಿ ನಿಂತೇ ಹೋಗತ್ತೆ. ಡೂಬಿಯಾ ಮೊಟ್ಟೆ ಇಟ್ಟು ಹೋಗೋ ಜಾತಿ ಅಲ್ಲ, ಮೊಟ್ಟೆ ಚೀಲನ ಹೊಟ್ಟೆಯೊಳಗೇ ಇಟ್ಕೊಂಡು ಜೀವಂತ ಮರಿ ಹಾಕತ್ತೆ, ಅದಕ್ಕೇ ಬೆಚ್ಚಗಿದ್ರೂ ಸುಮಾರು 2 ತಿಂಗಳು ಬೇಕು. ಚಿಕ್ಕ ಮರಿಗಳನ್ನ ತಂದಿದ್ರೆ ಅವು ದೊಡ್ಡವಾಗೋಕೇ 4ರಿಂದ 6 ತಿಂಗಳು. ಮೂರು ವಾರಕ್ಕೇ ತಾಳ್ಮೆ ಕೆಟ್ಟು ಬೆಕ್ಕಿನ ಫುಡ್ ಪ್ಯಾಕೆಟ್ ತೆಗೆಯೋರಿಗೆ ನಾನು ಹೇಳೋದು ಇಷ್ಟೇ, ಡಬ್ಬ ಬೆಚ್ಚಗಿಡೋ ಹೀಟ್ ಮ್ಯಾಟ್ ಹಾಕಿ, ಕಾಯಿರಿ.

ಇನ್ನೊಂದು ಗೊಂದಲ, ಕ್ಯಾಲ್ಸಿಯಂ. ಜಿರಳೆಗೆ ಮೂಳೆ ಇಲ್ಲ, ಮೈಯಲ್ಲಿ ಕ್ಯಾಲ್ಸಿಯಂಗಿಂತ ರಂಜಕನೇ ಜಾಸ್ತಿ, ಆದ್ರೆ ಅದನ್ನ ತಿನ್ನೋ ಗೆಕ್ಕೊಗೆ ಕ್ಯಾಲ್ಸಿಯಂ ಬೇಕು. ಗೆಕ್ಕೊಗೆ ಕೊಡೋ ಮುಂಚಿನ ಒಂದೆರಡು ದಿನ ಮಾತ್ರ ಬೇಕಾದಷ್ಟನ್ನ ಬೇರೆ ಡಬ್ಬಕ್ಕೆ ಹಾಕಿ ಕ್ಯಾಲ್ಸಿಯಂ ಸೇರಿಸಿದ ಪುಡಿ ತಿನ್ನಿಸಿ, ಆಗ ಜಿರಳೆ ಕರುಳಲ್ಲಿ ಇರೋದೇ ಗೆಕ್ಕೊಗೆ ಸಿಗತ್ತೆ, ಕೊಡೋವಾಗ ಮೇಲೆ ಪುಡಿ ಉದುರಿಸೋದನ್ನೂ ಬಿಡ್ಬೇಡಿ. ಮರಿ ಹಾಕೋ ಕಾಲೊನಿಗೆ ಮಾತ್ರ ಆ ಪುಡಿ ದಿನಾ ಬೇಡ, ಅಷ್ಟು ಕ್ಯಾಲ್ಸಿಯಂ ಹುಳಕ್ಕೇ ಒಳ್ಳೇದಲ್ಲ.

ಕೇಳದೇ ಇದ್ರೂ ಒಂದು ಹೇಳ್ತೀನಿ, ಊಟದ ವಿಷ್ಯ ಅಂದ್ಮೇಲೆ ಇದೂ ಅದಕ್ಕೇ ಸೇರತ್ತೆ. ಡಬ್ಬದ ತಳದಲ್ಲಿ ಕರೀ ಕಾಳಿನ ಥರ ಹಿಕ್ಕೆ ಸೇರತ್ತಲ್ಲ, ಅದನ್ನ ವಾರ ವಾರ ತೊಳೆದು ಫಳಫಳ ಅನ್ನಿಸ್ತಾರೆ ಕೆಲವರು. ಮಾಡ್ಬೇಡಿ. ಮರಿಗಳು ಆ ಹಿಕ್ಕೆ ತಿಂತವೆ, ದೊಡ್ಡವುಗಳ ಕರುಳಿನ ಬ್ಯಾಕ್ಟೀರಿಯಾ ಅವಕ್ಕೆ ಸಿಗೋದು ಆ ದಾರೀಲಿ. ಒಣಗಿರೋ ತನಕ ಒಂದು ಪದರ ಇರ್ಲಿ, ಒದ್ದೆ ಆಗಿದ್ರೆ ಮಾತ್ರ ತಕ್ಷಣ ತೆಗೀರಿ. ತೆಗೆಯೋವಾಗ ಮಾಸ್ಕ್ ಹಾಕ್ಕೊಳ್ಳಿ, ಆ ಧೂಳಿಗೆ ಅಲರ್ಜಿ ಬರೋದುಂಟು. ತೆಗೆದಿದ್ದನ್ನ ಹಾಗೇ ಎಸೀಬೇಡಿ, ಬಿಳಿ ಕಾಗದದ ಮೇಲೆ ತೆಳ್ಳಗೆ ಹರಡಿ ಎರಡು ನಿಮಿಷ ಸುಮ್ನೆ ನೋಡ್ತಿರಿ. ಹಿಕ್ಕೆ ಅಂದ್ಕೊಂಡಿದ್ದು ಒಂದೊಂದಾಗಿ ನಡೆಯೋಕೆ ಶುರು ಮಾಡತ್ತೆ, ಅವನ್ನ ಮೆತ್ತನೆ ಬ್ರಷ್‌ನಲ್ಲಿ ಗುಡಿಸಿ ವಾಪಸ್ ಡಬ್ಬಕ್ಕೆ ಬಿಡಿ.