ಇಎಂಜಿಯಲ್ಲಿ ಗೆರೆ ಎತ್ತರ ಬಂದರೆ ಸ್ನಾಯುವಿಗೆ ಬಲ ಜಾಸ್ತಿ ಅಂತಾನಾ?

ಪ್ರಶ್ನೆ: ಮಂಡಿ ಆಪರೇಷನ್ ಆಗಿ ಎರಡು ತಿಂಗಳಾಯಿತು. ಫಿಸಿಯೋ ಎರಡೂ ತೊಡೆಗೆ ಇಎಂಜಿ (ಸ್ನಾಯುವಿನ ವಿದ್ಯುತ್ ಅಲೆ ಹಿಡಿಯುವ ಪರೀಕ್ಷೆ) ಪಟ್ಟಿ ಅಂಟಿಸಿ ನೋಡಿದರು. ಆಪರೇಷನ್ ಆದ ಕಾಲಲ್ಲಿ 120 ಮೈಕ್ರೋವೋಲ್ಟ್, ಇನ್ನೊಂದರಲ್ಲಿ 200. ಅಂದರೆ ಈ ಕಾಲಿಗೆ ಶೇ 60ರಷ್ಟೇ ಬಲ ಇದೆ ಅಂತಾನಾ?

ಅಲ್ಲ.

ಕೆಲವರಿಗೆ ಮಂಡಿ, ಕೆಲವರಿಗೆ ಭುಜ, ಅಂಕಿಗಳು ಬೇರೆ ಬೇರೆ, ಪ್ರಶ್ನೆ ಮಾತ್ರ ಅದೇ. ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಇವತ್ತು ಪೂರ್ತಿ ಬರೆದುಬಿಡುತ್ತೇನೆ, ಇನ್ನು ಮುಂದೆ ಕೇಳಿದವರಿಗೆ ಇದನ್ನೇ ತೋರಿಸಿದರಾಯಿತು.

ಇಎಂಜಿ ಬಲವನ್ನು ಅಳೆಯುವುದೇ ಇಲ್ಲ. ನರದಿಂದ ಅಪ್ಪಣೆ ಬಂದಾಗ ಸ್ನಾಯುವಿನ ಎಳೆಗಳ ಮೇಲೆ ಸಣ್ಣ ವಿದ್ಯುತ್ ಅಲೆ ಓಡುತ್ತದೆ. ಹಾಗೆ ಓಡಿದ ಅಲೆಗಳೆಲ್ಲ ಒಂದರೊಳಗೊಂದು ಬೆರೆತು, ಕೊಬ್ಬು ದಾಟಿ, ಚರ್ಮ ದಾಟಿ ಹೊರಗೆ ಬರುವಷ್ಟರಲ್ಲಿ ಸೊರಗಿರುತ್ತವೆ. ಪಟ್ಟಿಗೆ ಸಿಗುವುದು ಆ ಉಳಿದ ಪಿಸುಮಾತು. ಪರದೆಯ ಮೇಲೆ ಗೆರೆಯಾಗಿ ಕಾಣುವುದು ಅದೇ, ಮೈಕ್ರೋವೋಲ್ಟ್ ಅಂದರೆ ಅದರ ಎತ್ತರ. ಅಪ್ಪಣೆ ಎಷ್ಟು ಜೋರಾಗಿತ್ತು ಅನ್ನುವ ಅಂದಾಜು ಅದರಿಂದ ಸಿಗುತ್ತದೆ. ಕೆಲಸ ಎಷ್ಟಾಯಿತು ಅನ್ನುವುದು ಬೇರೆ ಲೆಕ್ಕ. (ಅಂದ ಹಾಗೆ, ಈ ಪಟ್ಟಿ ಮೈಯೊಳಗೆ ಕರೆಂಟ್ ಬಿಡುವುದಿಲ್ಲ. ಕರೆಂಟ್ ಕೊಡುವುದು ಸ್ಟಿಮ್ಯುಲೇಟರ್. ಎರಡರ ಪಟ್ಟಿಯೂ ನೋಡಲು ಒಂದೇ ತರ ಇರುತ್ತದೆ, ಅದಕ್ಕೇ ಕೆಲವರಿಗೆ ಗಾಬರಿ.)

ನಂಬಿಕೆ ಬರದಿದ್ದರೆ ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಮುಂದಕ್ಕೆ ಚಾಚಿ ಹಿಡಿದುಕೊಳ್ಳಿ. ಕಾಲಿನ ತೂಕ ಈಗಲೂ ಅಷ್ಟೇ, ಎರಡು ನಿಮಿಷ ಬಿಟ್ಟರೂ ಅಷ್ಟೇ. ಹಾಗಾಗಿ ತೊಡೆ ಹಾಕಬೇಕಾದ ಬಲವೂ ಅಷ್ಟೇ. ಆದರೆ ಪರದೆಯ ಮೇಲಿನ ಗೆರೆ ಸುಮ್ಮನಿರುವುದಿಲ್ಲ, ಹೊತ್ತು ಹೋದ ಹಾಗೆ ಎತ್ತರವಾಗುತ್ತಾ ಹೋಗುತ್ತದೆ. ದಣಿದ ಎಳೆಗಳು ಕೈಕೊಡುತ್ತವೆ, ಅವುಗಳ ಬದಲಿಗೆ ಸುಮ್ನೆ ಕೂತಿದ್ದ ಎಳೆಗಳನ್ನು ನರ ಎಬ್ಬಿಸುತ್ತದೆ. ಜೊತೆಗೆ ಅಲೆಗಳ ಓಟ ನಿಧಾನವಾಗಿ ಸಿಗ್ನಲ್ಲಿನ ಫ್ರೀಕ್ವೆನ್ಸಿ ಇಳಿಯುತ್ತದೆ. ಎತ್ತರವೇ ಬಲ ಅನ್ನುವುದಾದರೆ, ನಡುಗಿ ನಡುಗಿ ಇನ್ನೇನು ಕೆಳಗೆ ಬೀಳುವ ಕಾಲನ್ನೇ ಬಲಶಾಲಿ ಅನ್ನಬೇಕಾಗುತ್ತದೆ, ಅಲ್ವಾ?

ಇನ್ನೊಂದು. ಕೈಯಲ್ಲಿ ತೂಕ ಹಿಡಿದು ಮೊಣಕೈ ಮಡಿಸಿ ಮೇಲಕ್ಕೆತ್ತಿ, ಆಮೇಲೆ ಅಷ್ಟೇ ನಿಧಾನವಾಗಿ ಇಳಿಸಿ. ತೂಕ ಬದಲಾಗಲಿಲ್ಲ. ಆದರೂ ಇಳಿಸುವಾಗ ಗೆರೆ ಚಿಕ್ಕದು. ಉದ್ದವಾಗುತ್ತಾ ಭಾರ ತಡೆಯುವ ಸ್ನಾಯುವಿಗೆ ಅಷ್ಟು ಅಪ್ಪಣೆ ಬೇಕಾಗುವುದಿಲ್ಲ.

ಈಗ ನಿಮ್ಮ 120 ಮತ್ತು 200ಕ್ಕೆ ಬರೋಣ. ಚರ್ಮದ ಮೇಲೆ ಎರಡು ಎಲೆಕ್ಟ್ರೋಡ್‌ಗಳ (ಸಿಗ್ನಲ್ ಹಿಡಿಯುವ ಆ ಪಟ್ಟಿಗಳ) ಮಧ್ಯದಿಂದ ಮಧ್ಯಕ್ಕೆ ಸಾಮಾನ್ಯವಾಗಿ 20 ಮಿಲಿಮೀಟರ್ ಬಿಡುತ್ತಾರೆ. ಆ ಜೋಡಿ ಬೆರಳಗಲ ಆಚೀಚೆ ಸರಿದರೂ ಸಂಖ್ಯೆ ಬೇರೆ. ನರ ಸ್ನಾಯುವಿಗೆ ಸೇರುವ ಜಾಗದ ಮೇಲೆಯೇ ಕೂತರೆ ಇನ್ನೂ ಕಡಿಮೆ. ಅಡಿಯಲ್ಲಿ ಕೊಬ್ಬು ದಪ್ಪ ಇದ್ದರೆ, ಊತ ಇದ್ದರೆ, ಕೂದಲು ಬೋಳಿಸದೆ ಸ್ಪಿರಿಟ್ ಒರೆಸದೆ ಅಂಟಿಸಿದ್ದರೆ, ಎಲ್ಲಕ್ಕೂ ಬೇರೆ ಬೇರೆ ಸಂಖ್ಯೆ. ಬೋಳಿಸಲು ಮುಖ ಸಿಂಡರಿಸುವವರು ಕೇಳಿ: 19ನೇ ಶತಮಾನದಲ್ಲಿ ಜರ್ಮನ್ ವಿಜ್ಞಾನಿ ಎಮಿಲ್ ಡು ಬ್ವಾ-ರೇಮಂಡ್ ಈ ಸಿಗ್ನಲ್ ಹಿಡಿಯಲು ಹೊರಟಾಗ ಚರ್ಮ ಅಡ್ಡ ಬರುತ್ತದೆ ಅಂತ ತೋಳಿನ ಮೇಲೆ ಬೊಬ್ಬೆ ಎಬ್ಬಿಸಿ ಆ ಚರ್ಮವನ್ನೇ ತೆಗೆದುಬಿಟ್ಟಿದ್ದ. ನಿಮಗೆ ಬರೀ ರೇಜರ್.

ಅದಕ್ಕೇ ಎರಡು ಕಾಲನ್ನು ಹೋಲಿಸುವವರು ಮೈಕ್ರೋವೋಲ್ಟನ್ನು ಹಾಗೇ ಇಡುವುದಿಲ್ಲ. ಮೊದಲು ಪೂರ್ತಿ ಶಕ್ತಿ ಹಾಕಿಸಿ, ಆಗ ಬಂದ ಗೆರೆಯನ್ನು 100 ಅಂತ ಇಟ್ಟುಕೊಂಡು, ಉಳಿದದ್ದನ್ನು ಅದರ ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. ಇಲ್ಲೂ ಒಂದು ತೊಡಕಿದೆ. ನೋವಿರುವ ಮಂಡಿ ಪೂರ್ತಿ ಶಕ್ತಿ ಹಾಕಲು ಬಿಡುವುದಿಲ್ಲ. 100 ಅಂತ ಇಟ್ಟುಕೊಂಡದ್ದೇ ಗಿಡ್ಡವಾದರೆ ಮಿಕ್ಕ ಶೇಕಡಾಗಳೆಲ್ಲ ಸುಳ್ಳೇ ದೊಡ್ಡದಾಗಿ ಕಾಣುತ್ತವೆ. ಬಲವೇ ತಿಳಿಯಬೇಕಿದ್ದರೆ ಬಲ ಅಳೆಯುವ ಡೈನಮೋಮೀಟರ್ ಇದೆಯಲ್ಲ, ಅದರಲ್ಲಿ ಒತ್ತಿ ನೋಡಲಿ.

ಈ ಮಿಥ್ಯೆ ಎಲ್ಲಿಂದ ಹುಟ್ಟಿತು ಅನ್ನುವುದೂ ಗೊತ್ತು. ಪಟ್ಟಿ ಕೀಳದೆ, ಕೀಲು ಅಲುಗಿಸದೆ, ದಣಿವಾಗುವ ಮೊದಲು ಸ್ವಲ್ಪ ಸ್ವಲ್ಪವೇ ಬಿಗಿ ಹೆಚ್ಚಿಸುತ್ತಾ ಹೋದರೆ ಗೆರೆಯೂ ಅದರ ಜೊತೆ ಏರುತ್ತದೆ. ಅಷ್ಟು ನಿಜ. ಅದನ್ನು ಹಿಡಿದುಕೊಂಡು ನಡಿಗೆ, ಓಟ, ಜಿಗಿತ ಎಲ್ಲಕ್ಕೂ ಅನ್ವಯಿಸಿದಾಗ ಎಡವಟ್ಟಾಗುತ್ತದೆ. ಯಾವ ವ್ಯಾಯಾಮದಲ್ಲಿ ಗೆರೆ ಎತ್ತರವೋ ಅದೇ ಸ್ನಾಯು ಬೆಳೆಸುತ್ತದೆ ಅನ್ನುವ ವಿಡಿಯೋಗಳೂ ಇದೇ ಜಾತಿ.

ಹಾಗಾದರೆ ಇಎಂಜಿ ಯಾಕೆ? ಯಾವ ಸ್ನಾಯು ಯಾವಾಗ ಎದ್ದಿತು, ಯಾವಾಗ ಮಲಗಿತು ಅಂತ ತಿಳಿಯಲು. ನಡೆಯುವಾಗ ಹಿಮ್ಮಡಿ ನೆಲ ಮುಟ್ಟಿದ ಕೂಡಲೇ ಮೊಣಕಾಲಿನ ಕೆಳಗೆ ಮುಂಭಾಗದಲ್ಲಿರುವ ಸ್ನಾಯು ಪಾದವನ್ನು ಮೆಲ್ಲಗೆ ಇಳಿಸಬೇಕು. ಪಾರ್ಶ್ವವಾಯು ಆದವರಲ್ಲಿ ಅದು ಏಳುವುದೇ ಇಲ್ಲವೋ, ಅಥವಾ ಎದ್ದರೂ ಹಿಂದಿನ ಮೀನಖಂಡ ಎದುರು ಎಳೆಯುತ್ತಿದೆಯೋ ಅಂತ ಬರೀ ಕಣ್ಣಿಗೆ ಗೊತ್ತಾಗುವುದು ಕಷ್ಟ. ಇನ್ನು ನಿಮ್ಮಂಥವರಿಗೆ ಅದು ಕನ್ನಡಿ. ಮಂಡಿ ಆಪರೇಷನ್ ಆದ ಮೇಲೆ ತೊಡೆ ಬಿಗಿ ಮಾಡಿ ಅಂದರೆ ಎಷ್ಟೋ ಜನರಿಗೆ ಎಲ್ಲಿ ಬಿಗಿ ಮಾಡಬೇಕು ಅಂತಲೇ ತಿಳಿಯುವುದಿಲ್ಲ. ಪರದೆ ನೋಡುತ್ತಾ ಪ್ರಯತ್ನಿಸಿದಾಗ ಗೆರೆ ಒಮ್ಮೆ ಚಿಮ್ಮುತ್ತದೆ, ಓ ಇದಾ ಅನಿಸುತ್ತದೆ. ಆ ಗಳಿಗೆಗೆ ಮೈಕ್ರೋವೋಲ್ಟ್ ಎಷ್ಟಾದರೇನು?

ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ: ಗೆರೆ ಪೂರ್ತಿ ಮಲಗಿದರೆ ಕೆಟ್ಟದ್ದಾ? ನಿಂತುಕೊಂಡು ಸೊಂಟದ ಹತ್ತಿರ ಬೆನ್ನುಮೂಳೆಯ ಎರಡೂ ಪಕ್ಕ ಬೆರಳಿಟ್ಟು ಸ್ವಲ್ಪ ಮುಂದಕ್ಕೆ ಬಾಗಿ. ಅಲ್ಲಿನ ಸ್ನಾಯು ಗಟ್ಟಿಯಾಗುವುದು ಬೆರಳಿಗೇ ತಿಳಿಯುತ್ತದೆ, ಇಎಂಜಿಯಲ್ಲೂ ಗೆರೆ ಏಳುತ್ತದೆ. ಆದರೆ ಪೂರ್ತಿ ಬಾಗಿ ಕೈ ಜೋತುಬಿಟ್ಟಾಗ ಪರದೆ ಸದ್ದಿಲ್ಲದೆ ಮಲಗುತ್ತದೆ. ಅರ್ಧ ಮೈ ತೂಗಾಡುತ್ತಿದೆ, ಬೆನ್ನಿನ ಸ್ನಾಯು ಮೌನ! ಭಾರ ಆಗ ಮೂಳೆಗಳನ್ನು ಕಟ್ಟಿ ಹಿಡಿಯುವ ಲಿಗಮೆಂಟುಗಳಿಗೂ ಹಿಗ್ಗಿದ ಅಂಗಾಂಶಗಳಿಗೂ ದಾಟಿರುತ್ತದೆ. 1950ರ ದಶಕದಲ್ಲೇ ಫ್ಲಾಯ್ಡ್ ಮತ್ತು ಸಿಲ್ವರ್ ಅನ್ನುವ ಸಂಶೋಧಕರು ಇದನ್ನು ವಿವರಿಸಿದ್ದರು. ತುಂಬಾ ದಿನದಿಂದ ಸೊಂಟನೋವು ಇರುವ ಎಷ್ಟೋ ಜನರಲ್ಲಿ ಈ ಮೌನ ಸಿಗುವುದಿಲ್ಲ, ಪೂರ್ತಿ ಬಾಗಿದರೂ ಸ್ನಾಯು ಬಿಟ್ಟುಕೊಡದೆ ಬಿಗಿಹಿಡಿದೇ ಇರುತ್ತದೆ. ಅಂಥವರ ಪರದೆಯಲ್ಲಿ ಗೆರೆ ಮಲಗಿದ ದಿನ ಫಿಸಿಯೋ ಮುಖದಲ್ಲಿ ನಗು.